ಓಬಜ್ಜಿ ಸೇವಂತಿಗೆಯ ಕುಡಿ ಮುರಿದದ್ದು

ಲೋಕಕ್ಕೆ ಇನ್ನೂ ಹೊಸ ಮಡಕೆಯ ವಾಸನೆ ಹೋಗಿರದ ಕಾಲ. ಸೂರ್ಯನಿಗೆ ದಾರಿ ಅಭ್ಯಾಸವಾಗಿರಲಿಲ್ಲ. ಒಂದು ದಿನ ಬೆಟ್ಟದ ಈ ಕಡೆ ಹುಟ್ಟಿದರೆ ಇನ್ನೊಂದು ದಿನ ಆ ಕಡೆ ಹುಟ್ಟಿ ಕೋಳಿಗಳ ಕೈಲಿ ಬೈಸಿಕೊಳ್ಳುತ್ತಿದ್ದ. ಹಳ್ಳಗಳು ಇಳಿಜಾರು ಯಾವ ಕಡೆ ಎಂದು ಕಲ್ಲುಗಳನ್ನು ಕೇಳಿಕೊಂಡು ಹರಿಯುತ್ತಿದ್ದವು. ಆಗ ಎಲ್ಲರಿಗೂ ಮಾತು ಬರುತ್ತಿತ್ತು. ಕಲ್ಲಿಗೂ ಬರುತ್ತಿತ್ತು, ಆದರೆ ಅದು ಮಾತಾಡುತ್ತಿದ್ದದ್ದು ಕಡಿಮೆ.

ಆ ಕಾಲದಲ್ಲಿ ಒಂದು ದಿನ ಭೂಮಿತಾಯಿ ಹೂವಿನ ಗಿಡಗಳನ್ನೆಲ್ಲ ಕರೆದು ಸುತ್ತ ಕೂರಿಸಿಕೊಂಡು ವರ್ಷವನ್ನು ಹಂಚಲು ಶುರುಮಾಡಿದಳು. ಯಾರು ಯಾವಾಗ ಹೂ ಬಿಡಬೇಕು ಎಂದು ಗೊತ್ತುಮಾಡಬೇಕಲ್ಲ! ಇಲ್ಲದಿದ್ದರೆ ಎಲ್ಲರೂ ಒಟ್ಟಿಗೆ ಒಂದೇ ದಿನ ಅರಳಿ ಕೂರುತ್ತಾರೆ, ಮಿಕ್ಕ ದಿನವೆಲ್ಲ ಜೇನುಗಳಿಗೆ ಉಪವಾಸ.

ಮಲ್ಲಿಗೆ ಎಲ್ಲರಿಗಿಂತ ಮುಂದೆ ಕೂತಿತ್ತು. "ನನಗೆ ಬೇಸಗೆ ಕೊಡಮ್ಮ" ಎಂದಿತು. ಕೊಟ್ಟಳು. ಕೇದಿಗೆ ಮಳೆ ಕೇಳಿತು. ಕೊಟ್ಟಳು. ಸಂಪಿಗೆ, "ಮಲ್ಲಿಗೆ ಪಕ್ಕದಲ್ಲೇ ನನಗೂ ಒಂಚೂರು ಜಾಗ ಇರಲಿ" ಎಂದು ಒತ್ತಿಕೊಂಡು ಕೂತಿತು. ಕಣಗಿಲೆಯನ್ನು ಕೇಳಿದರೆ, "ಯಾವುದು ಕೊಟ್ಟರೂ ಆಗುತ್ತೆ, ಎಲ್ಲಾ ಕೊಟ್ಟರೂ ಆಗುತ್ತೆ" ಎಂದಿತು. ಆಸೆಬುರುಕಿ ಅದು, ಮೊದಲಿನಿಂದಲೂ ಹಾಗೇ.

ಹಂಚಿ ಮುಗಿಸಿ ಭೂಮಿತಾಯಿ ಸೆರಗು ಕೊಡವಿಕೊಂಡು ಏಳುವ ಹೊತ್ತಿಗೆ ಒಂದು ಪುಟ್ಟ ಗಿಡ ಏದುಸಿರು ಬಿಡುತ್ತ ಓಡಿ ಬಂತು. ಅವಳೇ ಸೇವಂತಿ. ದಾರಿಯಲ್ಲಿ ಸಿಕ್ಕಿದವರನ್ನೆಲ್ಲ ಮಾತಾಡಿಸಿಕೊಂಡು ಬಂದಿದ್ದಳು, ಇರುವೆಯನ್ನೂ ಬಿಟ್ಟಿರಲಿಲ್ಲ.

"ಈಗ ಬಂದ್ಯೇನೇ? ಎಲ್ಲಾ ಖಾಲಿ ಆಯ್ತಲ್ಲೇ!" ಎಂದಳು ಭೂಮಿತಾಯಿ. "ಮಳೆ ಮುಗೀತಾ ಬಂದು ಚಳಿ ಇನ್ನೂ ಬಂದಿರಲ್ಲ ನೋಡು, ಆ ನಡುವಿನ ದಿನಗಳು ಮಾತ್ರ ಉಳಿದಿವೆ. ಬಿಸಿಲೂ ಸರಿಯಾಗಿ ಇರಲ್ಲ, ಮೋಡವೂ ಪೂರ್ತಿ ಹೋಗಿರಲ್ಲ. ಅದೇ ಬೇಕು ಅಂತ ಯಾರೂ ಕೇಳಲಿಲ್ಲ."

"ನನಗೆ ಅದೇ ಸಾಕಮ್ಮ" ಎಂದಳು ಸೇವಂತಿ.

"ಸಾಕು ಅನ್ನೋದು ಸುಲಭ. ಆ ದಿನಗಳಲ್ಲಿ ಬೇರೆ ಯಾರೂ ಹೂ ಬಿಡಲ್ಲ. ಹುಣಸೆಮರದ ಪೊಟರೆಯ ಜೇನುಗಳೆಲ್ಲ ನಿನ್ನ ಬಾಗಿಲಿಗೇ ಬರ್ತವೆ. ಅಷ್ಟೂ ಜನಕ್ಕೆ ನೀನೊಬ್ಬಳೇ ಬಡಿಸಬೇಕು. ಬಡಿಸಿದೆಯೋ, ಆ ಕಾಲ ನಿನ್ನದು. ಇಲ್ಲವೋ, ನೀನು ವಾಪಸು ಮಣ್ಣಾಗಬೇಕು. ಒಪ್ಪಿಗೆಯಾ?"

ಸೇವಂತಿಗೆ ಮಣ್ಣಾಗುವುದು ಎಂದರೆ ಏನೆಂದೇ ಗೊತ್ತಿರಲಿಲ್ಲ. ಹೂಂ ಎಂದು ತಲೆ ಆಡಿಸಿಬಿಟ್ಟಳು. ಭೂಮಿತಾಯಿ ಅವಳನ್ನು ಬೊಗಸೆಯಲ್ಲಿ ಎತ್ತಿಕೊಂಡು ಹೋಗಿ, ಸಣ್ಣ ಹಳ್ಳದ ದಂಡೆಯ ಮೇಲೆ ಹಿತ್ತಿಲು ಮಾಡಿಕೊಂಡಿದ್ದ ಓಬಜ್ಜಿಗೆ ಕೊಟ್ಟು, "ಸಾಕಿಕೊಡು" ಎಂದಳು.

ಓಬಜ್ಜಿ ಲೋಕದ ಮೊದಲನೆಯ ಅಜ್ಜಿ. ಅವಳಿಗೆ ಮಕ್ಕಳಿರಲಿಲ್ಲ, ಮೊಮ್ಮಕ್ಕಳಿರಲಿಲ್ಲ. ಮಕ್ಕಳು ಅನ್ನುವ ಸಂಗತಿಯೇ ಆಗಿನ್ನೂ ಅಷ್ಟಾಗಿ ಬಂದಿರಲಿಲ್ಲ. ಎದೆಯ ತುಂಬ ಪ್ರೀತಿ ಇತ್ತು, ಸುರಿಯಲು ಜಾಗ ಇರಲಿಲ್ಲ. ಹಾಗಿರುವಾಗ ಅಂಗೈಯಗಲದ ಒಂದು ಗಿಡ ಬಂದು, "ಅಜ್ಜೀ, ಊಟ ಆಯ್ತಾ?" ಎಂದು ಕೇಳಿದರೆ ಏನಾಗಬೇಡ! ಅಜ್ಜಿ ಅಲ್ಲೇ ಕರಗಿಹೋದಳು.

ಅವತ್ತಿನಿಂದ ಸೇವಂತಿಗೆ ನಡೆದ ಉಪಚಾರವನ್ನು ಹೇಳುತ್ತ ಕೂತರೆ ಬೆಳಗಾಗುತ್ತದೆ. ಬೆಳಿಗ್ಗೆ ಒಂದು ಕೊಡ ನೀರು, ಮಧ್ಯಾಹ್ನ ಒಂದು ಕೊಡ, ಸಂಜೆ ಮತ್ತೆ ಒಂದು ಕೊಡ. ಹಸುವಿನ ಹಾಲು ಬುಡಕ್ಕೆ. ಹೊಂಗೆ ಹಿಂಡಿ ಬೊಗಸೆ ಬೊಗಸೆ. ಎಲೆಗೆಲ್ಲ ಎಣ್ಣೆ ಹಚ್ಚಿ ತೀಡುವುದು. ಕಾಂಡಕ್ಕೆ ಇದ್ದಿಲಿನ ದೃಷ್ಟಿಬೊಟ್ಟು. ಸಂಜೆಯಾದರೆ ಮುಂದೆ ಕೂತು, "ಊರ ಕಣ್ಣು, ಕಾಡಿನ ಕಣ್ಣು, ಎಲ್ಲಾ ಹೋಗಲಿ" ಎಂದು ಲಟಿಕೆ ಮುರಿಯುವುದು. ಊರು ಎಲ್ಲಿತ್ತೋ, ಆ ಅಜ್ಜಿಗೇ ಗೊತ್ತು!

ಯಾರೂ ಹತ್ತಿರ ಬರುವ ಹಾಗಿರಲಿಲ್ಲ. ಆಡು ಬಂದರೆ ಕೋಲು. ಮಿಡತೆ ಬಂದರೆ ಬೈಗುಳ. ಕಂಬಳಿಹುಳುವಿಗಂತೂ ಅಜ್ಜಿಯ ಹೆಸರು ಕೇಳಿದರೇ ಮೈ ನಡುಕ.

ಸೇವಂತಿ ಬೆಳೆದಳು. ಹೇಗೆ ಬೆಳೆದಳು ಅಂತೀರಿ? ಒಂದೇ ಕಡ್ಡಿ, ನೆಟ್ಟಗೆ, ಮೇಲಕ್ಕೆ, ಮೇಲಕ್ಕೆ. ಕೊಂಬೆಯಿಲ್ಲ, ಕವಲಿಲ್ಲ. ಮಳೆ ಮುಗಿಯುವ ಹೊತ್ತಿಗೆ ಅಜ್ಜಿಯ ಹೆಗಲಿಗೆ ಬಂದಿದ್ದಳು. ಆ ಕಡ್ಡಿಯ ತುದಿಯಲ್ಲಿ ಒಂದು ಮೊಗ್ಗು. ಮೊಗ್ಗು ಬಿರಿದು ಒಂದು ಹೂವಾಯಿತು. ಒಂದೇ ಒಂದು.

ಹುಣಸೆಮರದಿಂದ ಜೇನಮ್ಮ ತನ್ನ ಮಕ್ಕಳನ್ನೆಲ್ಲ ಕಟ್ಟಿಕೊಂಡು ಬಂದಳು. ಜೇನಮ್ಮ ಅಂದರೆ ಆ ಗೂಡಿನ ಯಜಮಾನಿ. ಮೂವರು ಮಕ್ಕಳು ಹೂವಿನ ಮೇಲೆ ಕೂತರು, ಹೂ ತುಂಬಿಹೋಯಿತು. ಮಿಕ್ಕವರು ಗುಂಯ್ ಗುಂಯ್ ಎಂದು ಸುತ್ತಲೂ ಕಾದರು. ಮಧ್ಯಾಹ್ನದವರೆಗೆ ಕಾದರು. ಅಷ್ಟರಲ್ಲಿ ಒಂದು ಗಾಳಿ ಬಂತು. ಜೋರಾಗೇನೂ ಬೀಸಲಿಲ್ಲ ಪಾಪ, ಸುಮ್ಮನೆ ಹಾದುಹೋಯಿತು. ಅಷ್ಟಕ್ಕೇ ಆ ಉದ್ದನೆಯ ಕಡ್ಡಿ ತೂರಾಡಿ, ಹೂವಿನ ಸಮೇತ ಕೆಸರಿಗೆ ಬಿತ್ತು.

ಮೊದಲ ಇಬ್ಬನಿ ಬಿದ್ದ ಬೆಳಿಗ್ಗೆ ಭೂಮಿತಾಯಿ ಬಂದಳು. ಬಿದ್ದಿದ್ದ ಗಿಡವನ್ನು ನೋಡಿದಳು. ಹಸಿದು ಮರಕ್ಕೆ ಅಂಟಿಕೊಂಡಿದ್ದ ಜೇನುಗಳನ್ನು ನೋಡಿದಳು. "ಓಬಜ್ಜಿ, ಇದನ್ನ ವಾಪಸು ತಗೋತೀನಿ" ಎಂದಳು.

ಓಬಜ್ಜಿ ಗಿಡದ ಮೇಲೆ ಅಡ್ಡ ಕೂತುಬಿಟ್ಟಳು. "ತಾಯಿ, ನಿನ್ನ ಕಾಲಿಗೆ ಬೀಳ್ತೀನಿ. ಎಳೆಯದು, ಅದಕ್ಕೇನು ತಿಳಿಯುತ್ತೆ? ಇನ್ನೊಂದು ವರ್ಷ ಕೊಡು. ಒಂದೇ ವರ್ಷ."

ಭೂಮಿತಾಯಿಯ ಮನಸ್ಸು ಮೆತ್ತಗಾಯಿತು. "ಒಂದೇ ವರ್ಷ" ಎಂದಳು. "ಮುಂದಿನ ಇಬ್ಬನಿಗೆ ಬರ್ತೀನಿ. ಗೂಡಿನ ಅಷ್ಟೂ ಜೇನಿಗೆ ಸಾಕಾಗುವಷ್ಟು ಹೂ ಇರಬೇಕು. ಇಲ್ಲದಿದ್ದರೆ ಆಮೇಲೆ ನೀನು ಅತ್ತರೂ ಇಲ್ಲ, ಕರೆದರೂ ಇಲ್ಲ."

ಚಳಿಯಲ್ಲಿ ಸೇವಂತಿಯ ಕಡ್ಡಿ ಒಣಗಿ ಕಂದಿಹೋಯಿತು. ಅಜ್ಜಿ ಅದನ್ನು ನೆಲಮಟ್ಟಕ್ಕೆ ಕತ್ತರಿಸಿ, ಎಲ್ಲಾ ಮುಗಿಯಿತೆಂದು ತಲೆಯ ಮೇಲೆ ಕೈಹೊತ್ತು ಕೂತಳು. ಆದರೆ ಬೇಸಗೆಯ ಮೊದಲ ಹನಿ ಬಿದ್ದದ್ದೇ ತಡ, ಬುಡದ ಸುತ್ತ ಪುಟ್ಟ ಪುಟ್ಟ ಹಸಿರು ಕಿವಿಗಳು ಮಣ್ಣಿನಿಂದ ಮೇಲೆದ್ದವು. "ಅಜ್ಜೀ, ಊಟ ಆಯ್ತಾ?" ಎಂದಿತು ಅದರಲ್ಲೊಂದು. ಹೊರಗೆ ಒಣಗಿದರೂ ಸೇವಂತಿ ಬೇರಿನೊಳಗೆ ಬೆಚ್ಚಗೆ ಮಲಗಿದ್ದಳು. ಅಜ್ಜಿ ಅಳುತ್ತ ನಗುತ್ತ ಓಡಿಹೋಗಿ ಒಂದು ಕೊಡ ನೀರು ತಂದಳು.

ಅಲ್ಲೇ ನೋಡಿ ತಪ್ಪಿದ್ದು. ಹೋದ ವರ್ಷ ಹೂ ಸಾಲದೆ ಹೋಯಿತಲ್ಲ, ಅದಕ್ಕೆ ಅಜ್ಜಿ ಏನಂದುಕೊಂಡಳು ಗೊತ್ತೇ? ಉಪಚಾರ ಸಾಲದಾಯಿತು ಅಂದುಕೊಂಡಳು! ಮೂರು ಕೊಡ ಇದ್ದದ್ದು ಆರಾಯಿತು. ಹಿಂಡಿ ದುಪ್ಪಟ್ಟಾಯಿತು. ಎಣ್ಣೆ ಇಳಿದು ಇಳಿದು ಎಲೆಗಳು ಜಾರತೊಡಗಿದವು.

ಪಕ್ಕದಲ್ಲಿ ಹರಿಯುತ್ತಿದ್ದ ಸಣ್ಣ ಹಳ್ಳ ಸುಮ್ಮನಿರಲಾರದೆ ಹೇಳಿತು: "ಓಬಜ್ಜಿ, ನೀರು ಜಾಸ್ತಿಯಾಯ್ತು ಕಣಜ್ಜಿ. ನಾನೇ ನೀರು, ನನ್ನ ಮಾತಾದರೂ ಕೇಳು. ಅದರ ಬೇರಿಗೆ ಉಸಿರಾಡೋಕೆ ಆಗ್ತಿಲ್ಲ."

"ನಿನ್ನ ಕೆಲಸ ನೀನು ನೋಡ್ಕೋ" ಎಂದಳು ಅಜ್ಜಿ. "ಯಾವಾಗಲೂ ಓಡ್ತಾ ಇರೋನಿಗೆ ಮಕ್ಕಳು ಸಾಕೋದು ಏನು ಗೊತ್ತು?"

ಹಳ್ಳ ಮುಖ ಊದಿಸಿಕೊಂಡು ಮುಂದೆ ಹರಿಯಿತು.

ಆಷಾಢ ಬಂತು. ಬುಡದ ಕಿವಿಗಳಲ್ಲಿ ದೊಡ್ಡದೊಂದು ಮಾತ್ರ ಮೊಳಕಾಲೆತ್ತರ ಬೆಳೆದು ನಿಂತಿತ್ತು. ಮತ್ತೆ ಅದೇ ಒಂದೇ ಕಡ್ಡಿ, ನೆಟ್ಟಗೆ, ಮೇಲಕ್ಕೆ. ಕೆಳಗಿನ ಎಲೆಗಳು ಹಳದಿಯಾಗಿದ್ದವು. ಒಂದು ಬೆಳಿಗ್ಗೆ ತುಂತುರು ನಿಂತು ಎಳೆಬಿಸಿಲು ಬಿತ್ತು. ಸೇವಂತಿಯ ತುದಿಯ ಎಳೆಯ ಕುಡಿ ಹಸಿರಾಗಿ ಹೊಳೆಯಿತು. "ಅಜ್ಜೀ, ನೋಡು, ಬಿಸಿಲು ಬಂತು!" ಎಂದು ಸೇವಂತಿ ತಲೆ ಕುಣಿಸಿದಳು.

ಅಜ್ಜಿಗೆ ತಡೆಯಲಾಗಲಿಲ್ಲ. ನಮ್ಮ ಅಜ್ಜಿಯರು ಮಗುವನ್ನು ಕಂಡರೆ ಏನು ಮಾಡುತ್ತಾರೆ? ಗಲ್ಲ ಚಿವುಟಿ, ಆ ಬೆರಳಿಗೆ ಮುತ್ತು ಕೊಟ್ಟುಕೊಳ್ಳುತ್ತಾರೆ. ಲೋಕದ ಮೊದಲನೆಯ ಅಜ್ಜಿಯೂ ಅದನ್ನೇ ಮಾಡಿದಳು. "ಅಯ್ಯೋ ನನ್ನ ಬಂಗಾರಿ, ನನ್ನ ಕಳ್ಳಿ!" ಎಂದು ಆ ಎಳೆಯ ಕುಡಿಯನ್ನು ಎರಡು ಬೆರಳಲ್ಲಿ ಹಿಡಿದು ಮುದ್ದಿನಿಂದ ಚಿವುಟಿದಳು.

ಪಟ್ ಎಂದಿತು. ಕುಡಿ ಮುರಿದು ಅಜ್ಜಿಯ ಬೆರಳಿಗೇ ಬಂದುಬಿಟ್ಟಿತು.

ಮುತ್ತು ಕೊಡಲು ಎತ್ತಿದ ಕೈ ಬಾಯಿಯ ಹತ್ತಿರವೇ ನಿಂತಿತು. ಹೂ ಬಿಡುವುದೇ ತುದಿಯಲ್ಲಿ. ಆ ತುದಿಯೇ ಹೋಯಿತು. ಇನ್ನೆಲ್ಲಿಯ ಹೂವು, ಇನ್ನೆಲ್ಲಿಯ ಸೇವಂತಿ! ಯಾವ ಆಡೂ ಮಾಡದ ಕೆಲಸವನ್ನು, ಯಾವ ಹುಳುವೂ ಮಾಡದ ಕೆಲಸವನ್ನು ಅವಳ ಕೈಯೇ ಮಾಡಿತ್ತು.

"ಅಜ್ಜೀ, ಒಂಚೂರು ಉರೀತು ಅಷ್ಟೇ" ಎಂದಳು ಸೇವಂತಿ ಮೆಲ್ಲಗೆ. ಅಜ್ಜಿಗೆ ಅದು ಇನ್ನೂ ಸಂಕಟವಾಯಿತು. ಗಾಯಕ್ಕೆ ಅರಿಶಿನ ಮೆತ್ತಿ, ಸೆರಗಿನ ಅಂಚು ಹರಿದು ಪಟ್ಟಿ ಕಟ್ಟಿ, ಹಿತ್ತಿಲಿನ ಆಚೆ ತುದಿಗೆ ಹೋಗಿ ಒಂದು ಕಲ್ಲಿನ ಮೇಲೆ ಕೂತಳು. ಎರಡು ಕೈಯನ್ನೂ ಸೆರಗಿನೊಳಗೆ ಸುತ್ತಿಕೊಂಡಳು. ಆ ಕೈ ಇನ್ನು ಸೇವಂತಿಯನ್ನು ಮುಟ್ಟಬಾರದು ಎಂದುಕೊಂಡಳು. ನೀರಿಲ್ಲ, ಹಾಲಿಲ್ಲ, ಹಿಂಡಿಯಿಲ್ಲ, ಎಣ್ಣೆಯಿಲ್ಲ. ಅಜ್ಜಿ ತಾನೂ ಸರಿಯಾಗಿ ಉಣ್ಣಲಿಲ್ಲ. ಕೂತ ಕಲ್ಲಿಗೇ ಕನಿಕರ ಬಂದು, "ಏಳವ್ವ, ಎದ್ದು ಎರಡು ತುತ್ತು ತಿನ್ನು" ಎಂದಿತು. ಆ ವರ್ಷ ಕಲ್ಲು ಆಡಿದ್ದು ಅದೊಂದೇ ಮಾತು.

ಒಂದು ವಾರ ಕಳೆಯಿತು. ಸೇವಂತಿಯ ಬುಡದ ಮಣ್ಣು ಆರಿತು. ಬೇರುಗಳು ಅಬ್ಬ ಎಂದು ಉಸಿರುಬಿಟ್ಟವು. ಎಂಟನೆಯ ದಿನ ಸೇವಂತಿ ಕೂಗಿದಳು. "ಅಜ್ಜೀ! ಅಜ್ಜೀ, ಬಾ ಇಲ್ಲಿ! ಬೇಗ ಬಾ!"

ಏನು ಅನಾಹುತವಾಯಿತೋ ಎಂದು ಅಜ್ಜಿ ಎದ್ದುಬಿದ್ದು ಓಡಿಬಂದಳು. ಪಟ್ಟಿ ಬಿಚ್ಚಿ ನೋಡುತ್ತಾಳೆ, ಮುರಿದ ಜಾಗದ ಕೆಳಗೆ, ಎಲೆಯ ತೊಟ್ಟು ಕಾಂಡಕ್ಕೆ ಸೇರುವ ಸಂದಿಯಲ್ಲಿ, ಈ ಕಡೆ ಒಂದು ಕುಡಿ, ಆ ಕಡೆ ಒಂದು ಕುಡಿ! ಒಂದು ತಲೆ ಹೋದಲ್ಲಿ ಎರಡು ತಲೆ.

"ಇವರಿಬ್ಬರೂ ಒಳಗೇ ಕೂತಿದ್ದರು ಅಜ್ಜಿ" ಎಂದಳು ಸೇವಂತಿ. "ಮೇಲಿನವಳು ಎಲ್ಲಾ ತಾನೇ ತಿಂದು ತಾನೇ ಬೆಳೀತಿದ್ದಳು. ಇವರಿಗೆ ಹೊರಗೆ ಬರೋಕೆ ಸಂದೇ ಇರಲಿಲ್ಲ. ನೀನು ಚಿವುಟಿದೆ, ಇವರು ಬಂದರು. ಇವರನ್ನೂ ಚಿವುಟು ಅಜ್ಜಿ, ಇನ್ನೂ ಬರ್ತಾರೆ."

"ಥೂ, ಬಿಡ್ತು ಅನ್ನು!" ಎಂದಳು ಅಜ್ಜಿ. "ಏನು ಮಾತು ಅಂತ ಆಡ್ತೀಯೇ! ಒಂದು ಸಲ ಮುರಿದದ್ದಕ್ಕೇ ನನ್ನ ಹೊಟ್ಟೆ ಉರಿದುಹೋಗಿದೆ. ಮತ್ತೆ ನನ್ನ ಕೈಯಾರೆ ಮುರೀಲಾ? ಎರಡು ಹೂವಾದರೂ ಬಿಡುತ್ತೆ, ಇರಲಿ ಬಿಡು."

ಆ ಮಾತು ಕೇಳಿಸಿಕೊಂಡು ಜೇನಮ್ಮ ಹುಣಸೆಮರದಿಂದ ಇಳಿದು ಬಂದು ಅಜ್ಜಿಯ ಮೊಣಕಾಲಿನ ಮೇಲೆ ಕೂತಳು. "ಎರಡು ಹೂವಿಗೆ ನನ್ನ ಮಕ್ಕಳಲ್ಲಿ ಯಾರನ್ನ ಕಳಿಸಲಿ, ಯಾರನ್ನ ಬಿಡಲಿ ಓಬಜ್ಜಿ?" ಎಂದಳು. "ಹೋದ ವರ್ಷ ಎಷ್ಟೋ ಮಕ್ಕಳು ಚಳಿ ದಾಟಲಿಲ್ಲ. ನಾನು ನಿನ್ನ ಮೇಲೆ ಸಿಟ್ಟಾಗಿಲ್ಲ. ಆದರೆ ಇಬ್ಬನಿ ಬೀಳೋ ಹೊತ್ತಿಗೆ ಭೂಮಿತಾಯಿ ಬರೋದಂತೂ ಖಂಡಿತ. ಆಗ ನನ್ನ ಮಕ್ಕಳೂ ಉಳಿಯಲ್ಲ, ನಿನ್ನ ಸೇವಂತಿಯೂ ಉಳಿಯಲ್ಲ."

ಅಜ್ಜಿಯ ಕಣ್ಣು ತುಂಬಿ ಬಂತು. ಸೆರಗಿನಿಂದ ಕೈ ಹೊರಗೆ ತೆಗೆದಳು, ಮತ್ತೆ ಒಳಗೆ ಎಳೆದುಕೊಂಡಳು. "ನಿನಗೆ ನೋವು ಮಾಡು ಅಂತ ನನಗೇ ಹೇಳ್ತೀಯಲ್ಲೇ ಮಗಳೇ" ಎಂದಳು. "ಹೇಗೆ ಮಾಡಲೇ?"

ಸೇವಂತಿ ಎರಡು ಕುಡಿಗಳನ್ನೂ ಅಜ್ಜಿಯ ಕಡೆ ಬಾಗಿಸಿದಳು. ಆಮೇಲೆ ಹೇಳಿದಳು. "ಅವತ್ತು ಮುದ್ದು ಮಾಡೋವಾಗ ತಾನೇ ಅಜ್ಜಿ ಮುರಿದದ್ದು? ಹಾಗೇ ಮುದ್ದು ಮಾಡ್ತಾ ಚಿವುಟು. ಸಿಟ್ಟಿಂದ ಯಾರಾದರೂ ಮುರಿದರೆ ನೋವಾಗುತ್ತೆ. ನೀನು ಚಿವುಟಿದರೆ ನನಗೆ ಗೊತ್ತಾಗುತ್ತೆ, ಇದು ನಮ್ಮಜ್ಜಿ ಕೈ ಅಂತ."

ಓಬಜ್ಜಿ ಒಂದು ದೊಡ್ಡ ಉಸಿರು ಎಳೆದುಕೊಂಡಳು. ಎರಡು ಬೆರಳಲ್ಲಿ ಬಲಗಡೆಯ ಕುಡಿಯನ್ನು ಹಿಡಿದಳು. "ನನ್ನ ಬಂಗಾರಿ" ಎಂದು ಚಿವುಟಿದಳು, ಬೆರಳಿಗೆ ಮುತ್ತಿಟ್ಟಳು. ಎಡಗಡೆಯದನ್ನು ಹಿಡಿದಳು. "ನನ್ನ ಕಳ್ಳಿ" ಎಂದು ಚಿವುಟಿದಳು, ಬೆರಳಿಗೆ ಮುತ್ತಿಟ್ಟಳು. ಕಣ್ಣೀರನ್ನು ಸೆರಗಿನಿಂದ ಒರೆಸಿಕೊಂಡಳು.

ಎರಡಿದ್ದದ್ದು ನಾಲ್ಕಾಯಿತು. ನಾಲ್ಕನ್ನೂ ಚಿವುಟಿದಳು, ಎಂಟಾಯಿತು. ಎಂಟನ್ನು ಚಿವುಟಿದಾಗ ಕುಡಿ ಎಲ್ಲೆಲ್ಲಿ ಬಂತೋ ಅಜ್ಜಿಗೇ ಲೆಕ್ಕ ತಪ್ಪಿತು. ಈಗ ಅಜ್ಜಿ ಹಳ್ಳದ ಮಾತನ್ನೂ ಕಿವಿಗೆ ಹಾಕಿಕೊಂಡಳು. ಮಣ್ಣನ್ನು ಬೆರಳಲ್ಲಿ ಮುಟ್ಟಿ ನೋಡಿ, ಆರಿದ್ದರೆ ಮಾತ್ರ ಬುಡಕ್ಕೆ ಒಂದು ಚೊಂಬು ನೀರು. "ಹೀಗೆ ಅಜ್ಜಿ, ಹೀಗೆ!" ಎಂದು ಹಳ್ಳ ಖುಷಿಯಿಂದ ದಂಡೆಗೆಲ್ಲ ನೀರು ಎರಚಿತು. ಕಡ್ಡಿಯಂತಿದ್ದ ಸೇವಂತಿ ಗಿಡ್ಡಗೆ, ಗುಂಡಗೆ, ಪೊದೆಯಾಗಿ ಕೂತಳು. ಗಾಳಿ ಬಂದು ತಳ್ಳಿ ನೋಡಿತು. ಅವಳು ಬೀಳಲಿಲ್ಲ, ಸುಮ್ಮನೆ ತೂಗಿದಳು. ಗಾಳಿಗೂ ಅದೇ ಚೆನ್ನಾಗಿ ಕಂಡಿತು.

ಮೋಡ ತೆಳುವಾಗತೊಡಗಿದಾಗ ಸೇವಂತಿಯೇ ಹೇಳಿದಳು. "ಇನ್ನು ಸಾಕು ಅಜ್ಜಿ. ಇನ್ನು ಚಿವುಟಿದರೆ ಮೊಗ್ಗೇ ಹೋಗುತ್ತೆ."

ಅಷ್ಟರಲ್ಲಿ ಅಜ್ಜಿಗೆ ಅದು ರೂಢಿಯಾಗಿಹೋಗಿತ್ತು! ದಿನಾ ಬೆಳಿಗ್ಗೆ ಎದ್ದ ಕೂಡಲೇ ಬೆರಳು ತುರಿಸುತ್ತಿತ್ತು. ಪಾಪ, ಸುಮ್ಮನೆ ಹುಲ್ಲು ಕಿತ್ತುಕೊಂಡು, ಕಳೆ ತೆಗೆದುಕೊಂಡು ಹೇಗೋ ಕೈಯನ್ನು ತಡೆದಳು.

ಕಾಯುವುದು ಬಲು ಕಷ್ಟದ ಕೆಲಸ. ಮಲ್ಲಿಗೆಯ ಕಾಲ ಮುಗಿದು ಎಷ್ಟೋ ದಿನವಾಗಿತ್ತು. ಕೇದಿಗೆಯೂ ಮುಗಿಯಿತು. ಸೇವಂತಿಯ ಮೈತುಂಬ ಮೆಣಸಿನ ಕಾಳಿನಂಥ ಮೊಗ್ಗುಗಳು ಬಂದವು, ಹಸಿರಾಗಿ, ಗಟ್ಟಿಯಾಗಿ, ಬಾಯಿ ಮುಚ್ಚಿಕೊಂಡು ಕೂತವು. ಇವತ್ತು ಬಿರಿಯುತ್ತವೆ, ನಾಳೆ ಬಿರಿಯುತ್ತವೆ ಎಂದು ಅಜ್ಜಿ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಬಿರಿಯಲಿಲ್ಲ. ಹುಣಸೆಮರದಲ್ಲಿ ಜೇನುಗಳ ಸದ್ದು ದಿನದಿನಕ್ಕೂ ಸಣ್ಣದಾಯಿತು.

ಒಂದು ಬೆಳಿಗ್ಗೆ ಅಜ್ಜಿ ಎದ್ದು ಹೊರಗೆ ಕಾಲಿಟ್ಟಳು. ಪಾದ ತಣ್ಣಗಾಯಿತು. ನೆಲದ ಮೇಲೆ ಇಬ್ಬನಿ.

ಭೂಮಿತಾಯಿ ಆಗಲೇ ಹಿತ್ತಿಲಿಗೆ ಬಂದಿದ್ದಳು. ಇನ್ನೂ ಮಬ್ಬು ಇತ್ತು. ಸೇವಂತಿ ಒಂದು ಹಸಿರು ಗುಡ್ಡೆಯ ಹಾಗೆ ಕಾಣುತ್ತಿದ್ದಳು. "ಎಲ್ಲಿ ಓಬಜ್ಜಿ ಹೂವು?" ಎಂದಳು ಭೂಮಿತಾಯಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು.

ಈ ಸಲ ಓಬಜ್ಜಿ ಕಾಲಿಗೆ ಬೀಳಲಿಲ್ಲ. "ನಾನು ಅವಳ ತಲೆ ಮುರಿದೆ ತಾಯಿ" ಎಂದಳು. "ಒಂದಲ್ಲ, ಎಷ್ಟು ಸಲ ಮುರಿದೆನೋ ಗೊತ್ತಿಲ್ಲ. ಅವಳು ಒಂದು ಸಲವೂ ನನ್ನ ಬಯ್ಯಲಿಲ್ಲ. ತಪ್ಪಾಗಿದ್ದರೆ ಅದು ನನ್ನದು, ಮಣ್ಣು ಮಾಡೋದಿದ್ದರೆ ನನ್ನನ್ನೇ ಮಾಡು."

ಭೂಮಿತಾಯಿ ಬಗ್ಗಿ, ಗಿಡವನ್ನು ಕೀಳಲು ಕಾಂಡ ಎಲ್ಲಿದೆ ಎಂದು ಕೈಯಾಡಿಸಿದಳು. ಕಾಂಡ ಸಿಗಲಿಲ್ಲ. ಕೈ ಹಾಕಿದಲ್ಲೆಲ್ಲ ಮೊಗ್ಗು. ಈ ಕಡೆ ಮೊಗ್ಗು, ಆ ಕಡೆ ಮೊಗ್ಗು, ಬೆರಳ ಸಂದಿಯಲ್ಲೆಲ್ಲ ಮೊಗ್ಗು. ಅಷ್ಟರಲ್ಲಿ ಸೂರ್ಯ ಬಂದ. ಅವತ್ತು ಅವನು ದಾರಿ ತಪ್ಪಲಿಲ್ಲ, ಪುಣ್ಯಾತ್ಮ, ಸರಿಯಾಗಿ ಬೆಟ್ಟದ ಈ ಕಡೆಯೇ ಹುಟ್ಟಿದ. ಬಿಸಿಲು ಹಿತ್ತಿಲಿಗೆ ಬಿದ್ದದ್ದೇ ತಡ, ಭೂಮಿತಾಯಿಯ ಕೈಯ ಬಳಿ ಒಂದು ಹಳದಿ ಹೂವು ಕಣ್ಣುಬಿಟ್ಟಿತು. ಅದರ ಪಕ್ಕ ಇನ್ನೊಂದು. ಆಮೇಲೆ ನಾಲ್ಕು, ಆಮೇಲೆ ಹತ್ತು, ಆಮೇಲೆ ಎಲೆಯೇ ಕಾಣದ ಹಾಗೆ ಹೂವು.

"ಅಜ್ಜೀ!" ಎಂದು ಎಲ್ಲ ಹೂಗಳೂ ಒಟ್ಟಿಗೆ ಕೂಗಿದವು.

ಜೇನಮ್ಮ ಮಕ್ಕಳನ್ನೆಲ್ಲ ಕರೆದುಕೊಂಡು ಬಂದಳು. ಈ ಸಲ ಯಾರೂ ಕಾಯಲಿಲ್ಲ. ಎಲ್ಲರಿಗೂ ಒಂದೊಂದು ಎಲೆ ಹಾಕಿ ಬಡಿಸಿದ ಹಾಗೆ ಒಬ್ಬೊಬ್ಬರಿಗೆ ಒಂದೊಂದು ಹೂವು, ಇನ್ನೂ ಮಿಕ್ಕಿತ್ತು. ಹಸಿದವರು ಉಣ್ಣುವ ಸದ್ದು ಹಿತ್ತಿಲು ತುಂಬಿತು. ಆ ಸದ್ದು ಕೇಳುತ್ತ ಓಬಜ್ಜಿ ಅಲ್ಲೇ ನೆಲದ ಮೇಲೆ ಕೂತು ಗಟ್ಟಿಯಾಗಿ ಅತ್ತಳು.

ಭೂಮಿತಾಯಿ ಅವಳ ಪಕ್ಕ ಬಂದು ಕುಕ್ಕರುಗಾಲಲ್ಲಿ ಕೂತಳು. ಆಮೇಲೆ ಎರಡು ಬೆರಳಲ್ಲಿ ಅಜ್ಜಿಯ ಸುಕ್ಕುಗಟ್ಟಿದ ಗಲ್ಲವನ್ನು ಚಿವುಟಿ, ಆ ಬೆರಳಿಗೆ ಮುತ್ತಿಟ್ಟಳು. ಓಬಜ್ಜಿ ಅಳುವುದನ್ನು ನಿಲ್ಲಿಸಿ ಕಣ್ಣರಳಿಸಿದಳು. ಅವಳ ಗಲ್ಲವನ್ನು ಯಾರೂ ಯಾವತ್ತೂ ಚಿವುಟಿರಲಿಲ್ಲ. ಅವಳು ಹುಟ್ಟಿದ್ದೇ ಅಜ್ಜಿಯಾಗಿ, ಅವಳಿಗೆ ಅಮ್ಮ ಅಂತ ಯಾರಿದ್ದರು ಹೇಳಿ!

"ಈ ಕಾಲ ಸೇವಂತಿಯದೇ" ಎಂದಳು ಭೂಮಿತಾಯಿ. "ಅವಳನ್ನ ಸಾಕೋ ಕೈಗಳಿಗೆಲ್ಲ ನಿನ್ನ ಬೆರಳಿನ ಗುಣ ಬರಲಿ."

ಹಾಗೇ ಆಯಿತು. ಇವತ್ತಿಗೂ ಸೇವಂತಿ ಚಳಿಗೆ ಒಣಗಿದರೂ ಬೇರಿನಲ್ಲಿ ಮಲಗಿದ್ದು, ಬುಡದ ಸುತ್ತ ಹಸಿರು ಕಿವಿ ಬಿಟ್ಟು ಮತ್ತೆ ಏಳುತ್ತಾಳೆ. ಇವತ್ತಿಗೂ ಅವಳು ಎಲ್ಲ ಹೂಗಳೂ ಮುಗಿಸಿಕೊಂಡು ಹೋದ ಮೇಲೆಯೇ ಬರುತ್ತಾಳೆ. ಆಷಾಢದಲ್ಲಿ ನಿಮ್ಮ ಅಮ್ಮ ಸೇವಂತಿಗೆಯ ಕುಡಿ ಚಿವುಟುವಾಗ ಅಯ್ಯೋ ಪಾಪ ಎಂದು ಅಡ್ಡ ಹೋಗಬೇಡಿ, ವಾರ ಬಿಟ್ಟು ನೋಡಿ, ಅಲ್ಲೇ ಎರಡು ಕುಡಿ ಬಂದಿರುತ್ತವೆ. ನೀವೂ ಒಂದನ್ನು ಮುದ್ದಿನಿಂದ ಚಿವುಟಿ ಬೆರಳು ಮೂಸಿ ನೋಡಿ: ಘಮ್ಮೆನ್ನುವ ಒಂದು ಒಗರು ವಾಸನೆ ಕೈ ತೊಳೆದರೂ ಹೋಗದೆ ಉಳಿದಿರುತ್ತದಲ್ಲ, ಅದು ಸೇವಂತಿ ತಿರುಗಿ ಕೊಟ್ಟ ಮುತ್ತು.